ಹಳೇ ರೊಪ್ಪದ ಮೇಲೆ ಟೆಂಟು

ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲೆ ವರ್ಷ ವರ್ಷವೂ ನನ್ನ ಪಂಚಾಂಗದ ಕ್ಯಾಲೆಂಡರ್ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಮನೆದೇವರ ಸೋಮವಾರಗಳಿಗೆ ನಾನೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಡುತ್ತೇನೆ. ಹೋದ ವರ್ಷ ದಸರಾ ಕಳೆದ ವಾರ, ಬೆಳಿಗ್ಗೆ ಹಾಲು ತೆಗೆಯಲು ಹೋದರೆ ಕ್ಯಾಲೆಂಡರ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ದೊಡ್ಡ ಬಿಳಿ ಹಾಳೆ ಅಂಟಿತ್ತು. ಮೇಲುಗಡೆ ನನ್ನ ವಾರಗಿತ್ತಿಯ ದುಂಡು ಅಕ್ಷರದಲ್ಲಿ ‘ಮರಳುಗಾಡಿನಲ್ಲಿ ನಮ್ಮ ಮೊದಲ ಕ್ಯಾಂಪು’ ಎಂದು ಬರೆದಿತ್ತು. ಕ್ಯಾಲೆಂಡರ್ ಬಾಗಿಲ ಹಿಂದಿನ ಮೊಳೆಗೆ ಹೋಗಿ ತೂಗುತ್ತಿತ್ತು. ಹರಿದಿರಲಿಲ್ಲ, ಒದ್ದೆಯಾಗಿರಲಿಲ್ಲ, ಅಷ್ಟು ಮಟ್ಟಿಗೆ ದೇವರ ದಯೆ ಎಂದುಕೊಂಡೆ. ಆದರೆ ಹಾಲು ಉಕ್ಕಿ ಒಲೆಗೆ ಚೆಲ್ಲುವವರೆಗೂ ಆ ಹಾಳೆಯನ್ನೇ ಓದುತ್ತ ನಿಂತಿದ್ದೆ.

ನೀರಿನ ಕ್ಯಾನು, ಟೆಂಟು, ಮಲಗುವ ಚೀಲ, ಗ್ಯಾಸಿನ ಸಣ್ಣ ಒಲೆ, ಟೈರಿಗೆ ಗಾಳಿ ತುಂಬುವ ಪಂಪು, ಮರಳಿನಲ್ಲಿ ಚಕ್ರ ಹೂತರೆ ಕೆಳಗೆ ಕೊಡುವ ಹಲಗೆ, ಅರಣ್ಯ ಇಲಾಖೆಯ ಪರವಾನಗಿ. ಒಂದೊಂದರ ಮುಂದೆಯೂ ಯಾರು ನೋಡಿಕೊಳ್ಳಬೇಕು ಎಂದು ಬರೆದಿತ್ತು. ನನ್ನ ಸುದ್ದಿಯೇ ಇರಲಿಲ್ಲ ಎನ್ನಲಾರೆ. ‘ಒಣರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ’ ಎಂಬ ಸಾಲಿನ ಮುಂದೆ ‘ಅಕ್ಕ’ ಎಂದಿತ್ತು. ಎಲ್ಲಕ್ಕಿಂತ ಕೆಳಗೆ ‘ಹೋಗುವವರು’ ಎಂಬ ಸಾಲಿನಲ್ಲಿ ಮೂವರಿದ್ದರು: ನನ್ನ ಯಜಮಾನರು, ನನ್ನ ಮೈದುನ, ಮತ್ತು ಅವಳು.

ನಾವಿರುವುದು ಚಳ್ಳಕೆರೆಯಲ್ಲಿ. ಯಜಮಾನರು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಾರೆ. ಅವರ ತಮ್ಮನದು ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ತಮ್ಮನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಅವರು ಮಹಡಿಯಲ್ಲಿ, ನಾವು ಕೆಳಗೆ. ಒಲೆ ಮಾತ್ರ ಒಂದೇ. ನಮ್ಮ ಮಗಳನ್ನು ಹಿರಿಯೂರಿಗೆ ಕೊಟ್ಟಿದ್ದೇವೆ, ಚೆನ್ನಾಗಿದ್ದಾಳೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಸ್ವಾಮಿ ಏನೇನು ಕೊಟ್ಟ ಎಂದು ಬೆರಳು ಮಡಚಿ ನೆನೆಯುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು. ಮಗಳು ಫೋನ್ ಮಾಡಿದಳು. ಸೊಂಟನೋವು ನಿನ್ನೆಗಿಂತ ಕಮ್ಮಿ. ಹೀಗೆ ಐದು ಬೆರಳು ತುಂಬಿದರೆ ಸಾಕು, ಎದ್ದು ಒಗ್ಗರಣೆಗೆ ಇಡುತ್ತೇನೆ. ಆ ಹಾಳೆ ಬಂದ ದಿನ ಮೂರನೇ ಬೆರಳಿಗೇ ನಿಂತುಹೋಯಿತು.

ಮೈದುನ ಒಂದು ಹಳೆಯ ಜೀಪು ಕೊಂಡು ತಾನೇ ರಿಪೇರಿ ಮಾಡಿಕೊಂಡಿದ್ದ. ಅದರಲ್ಲಿ ರಾಜಸ್ಥಾನದ ಕೊನೆಯವರೆಗೂ ಹೋಗುವುದು, ಜೈಸಲ್ಮೇರಿನ ಆಚೆ ಮರಳುಗಾಡಿನ ರಾಷ್ಟ್ರೀಯ ಉದ್ಯಾನ ನೋಡುವುದು, ದಾರಿಯುದ್ದಕ್ಕೂ ಅಪ್ಪಣೆ ಇರುವ ಕಡೆ ಟೆಂಟು ಹಾಕಿ ಮಲಗುವುದು. ಸಂಕ್ರಾಂತಿ ಕಳೆದ ಮೇಲೆ ಹೊರಡುವುದೆಂದು ಗೊತ್ತಾಗಿತ್ತು. ಎಲ್ಲ ಅವಳದೇ ಯೋಜನೆ. ಅಲ್ಲಿ ಎರೆಭೂತ ಎಂಬ ಹಕ್ಕಿ ಇದೆಯಂತೆ. ಕುರಿಮರಿಯಷ್ಟು ಎತ್ತರ, ನೆಲದ ಮೇಲೇ ಓಡಾಡುತ್ತದೆ, ದೇಶದಲ್ಲಿ ಇನ್ನು ಕೆಲವೇ ಉಳಿದಿವೆ. ಊಟದ ಹೊತ್ತಿಗೆ ಅವಳು ಅದರ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದಳು.

‘ನಮ್ಮ ಬಳ್ಳಾರಿ ಕಡೆ ಎರೆಹೊಲದಾಗೂ ಇತ್ತಂತೆ ಅಕ್ಕ. ಒಂದು ಸಲ ಕಣ್ಣಾರೆ ನೋಡಿದ್ರೆ ಸಾಕು ನಂಗೆ.’

‘ಇತ್ತಂತೆ’ ಏನು, ನಾನೇ ನೋಡಿದ್ದೆ. ಹತ್ತು ವರ್ಷದವಳಿದ್ದಾಗ, ಸಿರುಗುಪ್ಪದ ಕಡೆ, ಜೋಳ ಕೊಯ್ದ ಹೊಲದಲ್ಲಿ. ಆದರೆ ಬಾಯಿ ಬಿಡಲಿಲ್ಲ. ‘ಸಾರು ಹಾಕಲಾ?’ ಎಂದೆ.

‘ಅತ್ತಿಗೆ ಒಬ್ರೇ ಆಗ್ತಾರಲ್ಲ ಮನೇಲಿ,’ ಎಂದದ್ದು ಯಜಮಾನರಲ್ಲ, ಮೈದುನ. ಅವನೇ ಉತ್ತರವನ್ನೂ ಕೊಟ್ಟ. ‘ಅವ್ರೆಲ್ಲಿ ಬರ್ತಾರೆ ಬಿಡಣ್ಣ. ಸ್ವಾಮಿ ದೀಪ ಯಾರು ಹಚ್ಬೇಕು? ಒಂದು ಸೋಮವಾರ ತಪ್ಪಿದ್ರೆ ಅತ್ತಿಗೆಗೆ ಜ್ವರ ಬರ್ತೈತೆ.’

‘ಇವ್ಳಿಗೆ ದಾವಣಗೆರೆ ಬಸ್ಸಿನಾಗೇ ವಾಂತಿ,’ ಎಂದರು ಯಜಮಾನರು. ‘ಜೈಸಲ್ಮೇರಿಗೆ ಹೋಗೋದ್ರಾಗೆ ಕರುಳೇ ಈಚೆಗೆ ಬರ್ತೈತೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಹಿಂದಿನ ಸೀಟು ಅರ್ಧ ಮಡಚಿ ನೀರಿನ ಕ್ಯಾನು ಇಡ್ಬೇಕು, ಮೂರೇ ಜನಕ್ಕೆ ಜಾಗ,’ ಎಂದು ಅವಳು ವಿವರಿಸಿದಳು. ಆಮೇಲೆ ನನ್ನ ಕೈ ಹಿಡಿದು, ‘ಅಕ್ಕ ಇಲ್ಲಿದ್ರೇನೇ ನಮ್ಗೆ ಧೈರ್ಯ’ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ಇನ್ನಷ್ಟು ಉರಿಯಿತು.

ನನಗೆ ಹೋಗಬೇಕಾಗಿತ್ತು. ಆಗ ಯಾರಿಗೂ ಹೇಳಲಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಬರುತ್ತೀಯಾ ಎಂದು ಯಾರಾದರೂ ಒಂದು ಮಾತು ಕೇಳಿದ್ದರೆ, ಬೇಡ ಎಂದು ನಾನೇ ಹೇಳುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ.

ನನ್ನ ತವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದಿಂದ ಒಳಗೆ ಹೋಗಬೇಕಾದ ಒಂದು ಹಟ್ಟಿ. ಕುರಿಯ ಮನೆ ನಮ್ಮದು. ಸುಗ್ಗಿ ಮುಗಿದು ಹುಲ್ಲು ಒಣಗಿತೆಂದರೆ ಕುರಿ ಹೊಡೆದುಕೊಂಡು ಬಳ್ಳಾರಿ ಸೀಮೆಗೆ ಹೋಗುತ್ತಿದ್ದೆವು. ಕತ್ತೆಯ ಮೇಲೆ ಪಾತ್ರೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿಗಳು, ದೇವರ ಪೆಟ್ಟಿಗೆ. ಸಂಜೆ ಯಾರದೋ ಹೊಲದಲ್ಲಿ ಮುಳ್ಳುಕಂಟಿ ಕಡಿದು ದುಂಡಗೆ ಬೇಲಿ ಕಟ್ಟಿ ಕುರಿ ಕೂಡುತ್ತಿದ್ದೆವು. ಆ ಬೇಲಿಯ ದೊಡ್ಡಿಗೇ ರೊಪ್ಪ ಎನ್ನುವುದು. ಅವ್ವ ಮೂರು ಕಲ್ಲು ಹೂಡಿ, ಮೊದಲು ದೇವರ ಪೆಟ್ಟಿಗೆಯ ಮುಂದೆ ದೀಪ ಹಚ್ಚಿ, ಆಮೇಲೆ ಒಲೆಗೆ ಬೆಂಕಿ ಕೊಡುತ್ತಿದ್ದಳು. ದೇವರು ಮನೆಯೊಳಗೇ ಇರುತ್ತಾನೆ, ಅವನನ್ನು ಬಿಟ್ಟು ಎಲ್ಲೂ ಹೋಗಬಾರದು ಎಂದು ನಾನು ಕಲಿತದ್ದು ಮದುವೆಯಾದ ಮೇಲೆ.

ಹೆಣ್ಣು ನೋಡಲು ಬಂದ ದಿನವೇ ನಮ್ಮತ್ತೆ, ‘ಕುರಿ ವಾಸ್ನೆ ಹೋಗಾಕೆ ಎರಡು ವರ್ಷ ಬೇಕು ಇದ್ಕೆ’ ಎಂದಿದ್ದರು. ಅವರ ಮಾವನವರೂ ಕುರಿ ಕಾಯ್ದವರೇ. ಆದರೂ ಪೇಟೆ ಸೇರಿದ ಮೇಲೆ ಆ ಮಾತು ಆಡುವ ಹಾಗಿರಲಿಲ್ಲ. ನಾನೂ ಆಡಲಿಲ್ಲ. ಬಯಲಿನಲ್ಲಿ ಮಲಗಿದವಳು ಎಂದು ಎಲ್ಲೂ ಬಾಯಿ ಬಿಡದೆ ಇಪ್ಪತ್ತಾರು ವರ್ಷ ಕಳೆದೆ.

ಈಗ ನೋಡಿದರೆ ಅವಳು ಅದನ್ನೇ ಕ್ಯಾಂಪು ಎಂದಳು. ಊರೆಲ್ಲ ಶಹಬ್ಬಾಸ್ ಎಂದಿತು. ಹೊಸ ಟೆಂಟು ಪಾರ್ಸಲ್‌ನಲ್ಲಿ ಬಂದ ಭಾನುವಾರ ಮಹಡಿಯ ಮೇಲೆ ಅದನ್ನು ಬಿಡಿಸಿ ನಿಲ್ಲಿಸಿದಳು. ಪಕ್ಕದ ಮನೆಯವರು ಮೆಟ್ಟಿಲು ಹತ್ತಿ ಬಂದು ನೋಡಿದರು. ‘ಬಯಲಾಗೆ ಮಲಗ್ತೀರಾ ಟೀಚರಮ್ಮ? ಗುಂಡಿಗೆ ಬೇಕು ಕಣ್ರೀ,’ ಎಂದು ಮೂಗಿನ ಮೇಲೆ ಬೆರಳಿಟ್ಟರು. ನಾನು ಅವರಿಗೆಲ್ಲ ಟೀ ತಂದುಕೊಟ್ಟೆ. ಗುಂಡಿಗೆಯಂತೆ! ನಮ್ಮವ್ವ ಮೈನೆರೆಯದ ಇಬ್ಬರು ಹೆಣ್ಣುಮಕ್ಕಳನ್ನು ಮಗ್ಗುಲಲ್ಲಿ ಹಾಕಿಕೊಂಡು ಬಯಲಿನಲ್ಲಿ ಮಲಗಿದಾಗ ಯಾರೂ ಬಂದು ಶಹಬ್ಬಾಸ್ ಎನ್ನಲಿಲ್ಲ. ನಾಯಿ ಬಿಟ್ಟರು.

ರೊಟ್ಟಿ ತಟ್ಟಿದೆ. ತೆಳ್ಳಗೆ, ಹಪ್ಪಳದ ಹಾಗೆ ಒಣಗಿಸಿದೆ, ತಿಂಗಳುಗಟ್ಟಲೆ ಇಟ್ಟರೂ ಕೆಡದ ಹಾಗೆ. ಯಾರೋ ತಿನ್ನುವ ದಾರಿಬುತ್ತಿಗೆ ಬೆಂಕಿಯ ಮುಂದೆ ಕೂರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಸ್ವಾಮಿ, ಈ ಕೆಟ್ಟ ಬುದ್ಧಿ ತೆಗಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುತ್ತಲೇ ರೊಟ್ಟಿಗಳಲ್ಲಿ ಸೀದಿದ್ದನ್ನು ಆರಿಸಿ ಅವಳ ಡಬ್ಬಿಯ ತಳಕ್ಕೆ ಹಾಕಿದೆ.

ದೀಪಾವಳಿಯಾದ ಮೇಲೆ ಅವಳು, ‘ಒಂದು ದಿನ ಇಲ್ಲೇ ಎಲ್ಲಾದ್ರೂ ಹಾಕಿ ನೋಡ್ಬೇಕು. ಅಭ್ಯಾಸ ಇಲ್ದೆ ಅಷ್ಟು ದೂರ ಹೋಗ್ಬಾರ್ದು’ ಎಂದಳು. ಯಜಮಾನರು ನನ್ನ ತವರಿನ ಗುಡ್ಡದ ಬುಡ ಸೂಚಿಸಿದರು. ನಾನೂ ಹೊರಟೆ. ಅವರು ಟೆಂಟಿನಲ್ಲಿ, ನಾನು ಅವ್ವನ ಮನೆಯಲ್ಲಿ ಇರುವುದೆಂದು ಮಾತಾಯಿತು. ಬಳ್ಳಾರಿ ರಸ್ತೆಯಲ್ಲಿ ರಾಂಪುರದವರೆಗೆ ಹೋಗಿ, ಅಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ದೇವಸಮುದ್ರದ ಕಡೆ ತಿರುಗಿದೆವು. ಜೀಪಿನಲ್ಲಿ ನನಗೆ ವಾಂತಿಯಾಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಹಟ್ಟಿಯಿಂದ ಒಂದು ಮೈಲಿ ದೂರದಲ್ಲಿ ಗುಡ್ಡದ ಬಂಡೆಗಳು ಶುರುವಾಗುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಜಾಗ ಹುಡುಕಲು ಇಳಿದೆವು. ಎಲ್ಲಿ ನೋಡಿದರೂ ಕಲ್ಲು, ಜಾಲಿಮುಳ್ಳು. ಸ್ವಲ್ಪ ಮುಂದೆ ಹೋದ ವಾರಗಿತ್ತಿ ಒಂದು ದೊಡ್ಡ ಬಂಡೆಯ ಮರೆಯಿಂದ ಕೂಗಿದಳು.

‘ಅಕ್ಕಾ, ಬರ್ರಿ ಇಲ್ಲಿ! ದೇವ್ರೇ ಹಾಸಿಟ್ಟಂಗೈತೆ!’

ಹೋಗಿ ನೋಡಿದೆ. ಕಣದ ಹಾಗೆ ಸಮತಟ್ಟಾದ ದುಂಡು ನೆಲ. ಒಂದು ಕಲ್ಲಿಲ್ಲ. ಮೆತ್ತಗಿನ ಕಪ್ಪು ಮಣ್ಣು. ಗಾಳಿಗೆ ಬಂಡೆಯೇ ಅಡ್ಡ. ಸುತ್ತ ಅಂಚಿನಲ್ಲಿ ಮಾತ್ರ ಉಮ್ಮತ್ತಿ ಗಿಡ ದಟ್ಟವಾಗಿ ಬೆಳೆದು ಬಿಳಿ ಹೂ ಬಿಟ್ಟಿತ್ತು. ಆ ಕಾಡಿನಲ್ಲಿ ಉಮ್ಮತ್ತಿ ಅಷ್ಟು ಸೊಕ್ಕಿ ಬೆಳೆಯಬೇಕಾದರೆ ಅಡಿಯಲ್ಲಿ ಗೊಬ್ಬರವಿರಬೇಕು. ಗೊಬ್ಬರ ದುಂಡಗಿರಬೇಕಾದರೆ ಅಲ್ಲಿ ಬೇಲಿ ಇದ್ದಿರಬೇಕು. ಬಂಡೆಯ ಪಕ್ಕದಲ್ಲಿ ಹೊಗೆ ಹತ್ತಿದ ಮೂರು ಕಲ್ಲೂ ಇದ್ದವು. ಶ್ರಾವಣದಲ್ಲೋ ಭಾದ್ರಪದದಲ್ಲೋ ಯಾರೋ ಕುರಿ ಕೂಡಿ, ಹಿಕ್ಕೆ ಗುಡಿಸಿ ಹೊಲಕ್ಕೆ ಹೊಡೆದು, ಬೇಲಿಯ ಮುಳ್ಳನ್ನು ಸೌದೆಗೆ ಒಯ್ದಿದ್ದರು. ಹಳೇ ರೊಪ್ಪ ಅದು.

ಕುರಿ ಬಿಟ್ಟುಹೋದ ರೊಪ್ಪದಲ್ಲಿ ಉಣ್ಣಿ ಉಳಿಯುತ್ತವೆ. ಕುರಿಯ ಮೈಗೆ ಕಚ್ಚಿ ರಕ್ತ ಕುಡಿಯುವ ಹುಳ ಅದು. ಕುರಿ ಹೋದರೂ ಮಣ್ಣಿನಲ್ಲಿ ಹಸಿದುಕೊಂಡು ತಿಂಗಳುಗಟ್ಟಲೆ ಕಾಯುತ್ತವೆ. ಬಿಸಿ ಮೈ ಬಂದು ಮಲಗಿತೆಂದರೆ ಎದ್ದು ಬರುತ್ತವೆ. ನಮ್ಮ ಹಟ್ಟಿಯ ಮೂರು ವರ್ಷದ ಮಗುವನ್ನೂ ಹಳೇ ರೊಪ್ಪದಲ್ಲಿ ಕೂರಲು ಬಿಡುವುದಿಲ್ಲ.

‘ಪರ್ವಾಗಿಲ್ವಾ ಅಕ್ಕ ಈ ಜಾಗ? ನಿಮ್ಮೂರು, ನಿಮ್ಗೆ ಗೊತ್ತಿರ್ತೈತೆ.’

ನನ್ನನ್ನು ಅವಳು ಏನಾದರೂ ಕೇಳಿದ್ದು ಆ ಇಡೀ ತಯಾರಿಯಲ್ಲಿ ಅದೊಂದೇ ಸಲ. ಅವಳ ಮುಖದ ಮೇಲೆ ಬೆವರಿತ್ತು, ಸಂತೋಷವಿತ್ತು. ನನ್ನ ಯಜಮಾನರು ಹಿಂದಿನಿಂದ, ‘ಅಬ್ಬಬ್ಬ, ಟೀಚರಮ್ಮನ ಕಣ್ಣೇ ಕಣ್ಣು. ಹುಟ್ಟಿ ಬೆಳೆದೋಳಿಗೂ ಕಾಣಲಿಲ್ಲ ನೋಡು ಈ ಜಾಗ’ ಎಂದರು.

‘ಚೆನ್ನಾಗೈತೆ,’ ಎಂದೆ. ‘ಇಲ್ಲೇ ಹಾಕ್ರಿ.’

ಒಂದೆರಡು ಕಡಿತ, ತುರಿಕೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಹಟ್ಟಿಗೆ ನಡೆದೆ. ದಾರಿಯಲ್ಲಿ ಎರಡು ಸಲ ನಿಂತೆ. ವಾಪಸ್ಸು ಹೋಗಿ ಹೇಳಬಹುದಿತ್ತು. ಬೆಳಕಿತ್ತು, ಕೂಗಿದರೂ ಕೇಳುವಷ್ಟು ಹತ್ತಿರವಿದ್ದೆ. ಹೋಗಲಿಲ್ಲ. ಅವ್ವ, ಅಣ್ಣನ ಮಕ್ಕಳ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಿದ್ದಳು. ‘ಎಲ್ಲಿ ಇಳ್ಕಂಡವ್ರೆ?’ ಎಂದು ಕೇಳಿದಳು. ‘ಗುಡ್ಡದ ಬುಡದಾಗೆ’ ಎಂದಷ್ಟೇ ಹೇಳಿದೆ. ಆ ರಾತ್ರಿ ಅವ್ವನ ಮಗ್ಗುಲಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ನಾನೂ ಅವ್ವನೂ ಹೋದೆವು. ದೂರದಿಂದಲೇ ನೋಡಿದರೆ ಯಜಮಾನರು ಬರಿಮೈಯಲ್ಲಿ ಬಂಡೆಗೆ ಬೆನ್ನು ತಿಕ್ಕುತ್ತಿದ್ದರು. ಮೈದುನ ಪ್ಯಾಂಟು ಬಿಚ್ಚಿ ಟವೆಲ್ಲು ಸುತ್ತಿಕೊಂಡು ಪ್ಯಾಂಟನ್ನು ಜಾಲಿಗಿಡಕ್ಕೆ ಬಡಿಯುತ್ತಿದ್ದ. ಅವಳು ಜೀಪಿನ ಬಾನೆಟ್ಟಿನ ಮೇಲೆ ಕಾಲು ಮಡಚಿಕೊಂಡು ಕುಳಿತಿದ್ದಳು. ಕುತ್ತಿಗೆ, ಕಿವಿಯ ಹಿಂದೆ, ಮೊಣಕೈ ಸಂದಿ, ಎಲ್ಲ ಕಡೆ ಕೆಂಪು ಗಂಟುಗಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನನ್ನ ಹೊಟ್ಟೆಕಿಚ್ಚಿಗೆ ಅವಳೊಬ್ಬಳೇ ಕಂಡಿದ್ದಳು; ಆ ಟೆಂಟಿನಲ್ಲಿ ನನ್ನ ಗಂಡನೂ ಮಲಗುತ್ತಾರೆ ಎಂಬುದು ಕೂಡ ನನಗೆ ಹೊಳೆದಿರಲಿಲ್ಲ.

ಅವ್ವ ಬುತ್ತಿ ಕೆಳಗಿಟ್ಟು ನೆಲ ನೋಡಿದಳು. ಉಮ್ಮತ್ತಿ ನೋಡಿದಳು. ಆಮೇಲೆ ತೆಲುಗು ಕನ್ನಡ ಕೂಡಿಸಿ ಕೂಗಿಕೊಂಡಳು.

‘ಅಯ್ಯೋ ನಾ ತಲ್ಲೀ, ಇದು ರೊಪ್ಪ ಕಣ್ರಪ್ಪ! ಶ್ರಾವಣದಾಗೆ ನನ್ ಮಗಾನೇ ಇಲ್ಲಿ ಕುರಿ ಕೂಡಿದ್ನಲ್ಲ! ಯಾವ ಪುಣ್ಯಾತ್ಮ ತೋರಿಸ್ದ ಈ ಜಾಗ?’

‘ನಾನೇ ಆರಿಸಿದ್ದು ಅಮ್ಮ,’ ಎಂದಳು ವಾರಗಿತ್ತಿ.

‘ನೀನು ಪ್ಯಾಟೆ ಹುಡುಗಿ, ನಿಂಗೇನು ಗೊತ್ತು.’ ಅವ್ವ ನನ್ನ ಕಡೆ ತಿರುಗಿದಳು. ‘ನೀನೇನೇ ಮಾಡ್ತಿದ್ದೆ? ರೊಪ್ಪದಾಗೆ ಹುಟ್ಟಿ ರೊಪ್ಪದಾಗೆ ಬೆಳ್ದೋಳು, ರೊಪ್ಪದ ನೆಲ ಗೊತ್ತಾಗ್ಲಿಲ್ವಾ?’

ಮೂವರೂ ನನ್ನನ್ನೇ ನೋಡಿದರು. ಊದಿರದ ಇನ್ನೊಂದು ಕಣ್ಣಿನಲ್ಲಿ ಅವಳೂ ನೋಡಿದಳು.

‘ಮರ್ತೋಗಿತ್ತವ್ವ,’ ಎಂದೆ.

ಅವ್ವ ಬೇವಿನೆಣ್ಣೆ ತರಿಸಿ, ಅವಳ ಕೂದಲು ಬಿಡಿಸಿ, ಒಂದೊಂದಾಗಿ ಉಣ್ಣಿ ಕಿತ್ತಳು. ನಾನು ಎಣ್ಣೆಯ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಜ್ವರ ಬಂದರೆ ಏನು ಗತಿ ಎಂದು ಒಳಗೊಳಗೇ ಸ್ವಾಮಿಗೆ ಮೊರೆಯಿಡುತ್ತಿದ್ದೆ. ವಾಪಸ್ಸು ಬರುವಾಗ ಡಾಕ್ಟರಿಗೆ ತೋರಿಸಿದೆವು. ಸ್ವಾಮಿಯ ದಯೆ, ಜ್ವರ ಬರಲಿಲ್ಲ.

ಆದರೆ ಮೂರನೇ ದಿನ ಅವಳು ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ‘ಊರ ಪಕ್ಕದಾಗೆ ಒಂದು ನೆಲ ನೋಡಾಕೆ ಬರ್ಲಿಲ್ಲ ನಂಗೆ. ಗೊತ್ತಿಲ್ಲದ ಸೀಮೆಗೆ ಇವ್ರಿಬ್ರನ್ನ ಕರ್ಕೊಂಡು ಹೋಗಿ ಏನಾದ್ರೂ ಆದ್ರೆ? ಬೇಡ ಬಿಡ್ರಿ. ಪುಸ್ತಕದಾಗೆ ನೋಡ್ತೀನಿ ಹಕ್ಕೀನ,’ ಎಂದಳು. ಗಂಡಸರು ಸಮಾಧಾನ ಹೇಳಿದರು. ಅವಳು ಒಪ್ಪಲಿಲ್ಲ. ಬಾಗಿಲ ಹಿಂದಿದ್ದ ನನ್ನ ಕ್ಯಾಲೆಂಡರನ್ನು ತಾನೇ ತಂದು ಮೊದಲಿನ ಜಾಗಕ್ಕೆ ಹಾಕಿದಳು, ವಾರೆಯಾಗದ ಹಾಗೆ ಎರಡು ಸಲ ಸರಿಪಡಿಸಿ.

ನಾನು ಬಯಸಿದ್ದು ಅದೇ ತಾನೇ? ನಾನಿಲ್ಲದೆ ಅವರು ಹೋಗಬಾರದು. ಹೋಗಲಿಲ್ಲ. ಆ ಸಂಜೆ ದೀಪ ಹಚ್ಚಿ ಕುಳಿತರೆ ಬೆರಳು ಮಡಚಲು ಕೈ ಏಳಲಿಲ್ಲ. ನೀರು ಬಂದಿತ್ತು, ಮಗಳು ಫೋನ್ ಮಾಡಿದ್ದಳು, ಎಲ್ಲ ಇತ್ತು. ಹೇಳುವುದಕ್ಕೆ ಬಾಯಿ ಇರಲಿಲ್ಲ.

ಮುಂದಿನ ಸೋಮವಾರ ಉಪವಾಸವಿದ್ದೆ. ಅವಳು ಶಾಲೆಯಿಂದ ಬಂದು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯಲು ಕುಳಿತಳು. ಕುತ್ತಿಗೆಯ ಗಂಟುಗಳು ಕಪ್ಪಾಗಿದ್ದವು. ಎದುರಿಗೆ ಹೋಗಿ ನಿಂತೆ.

‘ಆ ರೊಪ್ಪ ನಂಗೆ ಗೊತ್ತಿತ್ತು. ಮರ್ತಿರ್ಲಿಲ್ಲ. ಬೇಕಂತ್ಲೇ ಹೇಳ್ಲಿಲ್ಲ.’

ಅವಳ ಕೈ ನಿಂತಿತು. ‘ಯಾಕೆ?’

‘ಹೊಟ್ಟೆಕಿಚ್ಚು.’

ಅಷ್ಟು ಚಿಕ್ಕ ಮಾತು ಹೇಳಲು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಅವಳು ಸಿಪ್ಪೆಯನ್ನು ಮೊರದಿಂದಾಚೆ ಎಸೆದಳು.

‘ನಂಗೆ ಕಣ್ಣೇ ಹೋಯ್ತು ಅನ್ಕೊಂಡಿದ್ದೆ ಅಕ್ಕ. ಬರ್ಬೇಕು ಅನ್ಸಿದ್ರೆ ಬರ್ತೀನಿ ಅನ್ನೋದಲ್ವಾ? ಬಾಯಿರ್ಲಿಲ್ವಾ ನಿಮ್ಗೆ?’

‘ಕರೆಯಾಕೆ ನಿಮ್ಗಿರ್ಲಿಲ್ವಾ ಬಾಯಿ? ರೊಟ್ಟಿ ತಟ್ಟು ಅನ್ನಾಕೆ ಇತ್ತಲ್ಲ!’

‘ದೀಪ, ಸೋಮವಾರ, ಮಡಿ ಅಂತ ದಿನಾ ಅನ್ನೋರು ನೀವೇ ಅಲ್ವಾ?’

‘ಇಪ್ಪತ್ತಾರು ವರ್ಷ ಮನೇಲೇ ಇಟ್ರೆ ಇನ್ನೇನಂತಾರೆ?’

ಇಬ್ಬರ ದನಿಯೂ ಏರಿತ್ತು. ಅವಳು ಇನ್ನೊಂದು ಕಾಯಿ ಸುಲಿದು ಮೊರಕ್ಕೆ ಹಾಕಿ ಕೇಳಿದಳು: ‘ಇನ್ನೇನೇನು ಮುಚ್ಚಿಟ್ಟೀರಿ? ಎಲ್ಲ ಈಗ್ಲೇ ಹೇಳ್ಬಿಡ್ರಿ.’

ಯೋಚಿಸಿದೆ. ‘ಆ ಹಕ್ಕೀನ ನಾನು ನೋಡೀನಿ. ಸಣ್ಣೋಳಿದ್ದಾಗ. ನಾಲ್ಕು ಇದ್ವು.’

ಉಣ್ಣಿ ಕಚ್ಚಿಸಿದ್ದಕ್ಕಿಂತ ಅವಳಿಗೆ ಇದಕ್ಕೆ ಹೆಚ್ಚು ಸಿಟ್ಟು ಬಂತು. ‘ನಾಲ್ಕಾ?’ ಎಂದಳು. ‘ನಾನು ತಿಂಗ್ಳಿಂದ ಫೋಟೋ ಹಿಡ್ಕೊಂಡು ಕುಣೀತಿದ್ರೆ, ಸಾರು ಹಾಕಲಾ ಅಂದ್ರಲ್ರೀ!’ ಮೊರವನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿಹೋದಳು. ಅವರೆಕಾಯಿ ನಾನೇ ಸುಲಿದೆ.

ಯಜಮಾನರಿಗೂ ಅಂದೇ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಅಂಗಿಯೆತ್ತಿ ಬೆನ್ನು ತೋರಿಸಿ, ‘ಅವ್ಳ ಮ್ಯಾಲೆ ಸಿಟ್ಟಿದ್ರೆ ನನ್ನನ್ನ್ಯಾಕೆ ಕಚ್ಚಿಸ್ದೆ? ನಿನ್ನ ಜೊತೇಲೇ ಹಟ್ಟಿಗೆ ಕರ್ಕೊಂಡು ಹೋಗಿದ್ರೆ ಆಗ್ತಿರ್ಲಿಲ್ವಾ?’ ಎಂದರು. ಆಮೇಲೆ ಮೆಲ್ಲಗೆ, ‘ಬರ್ತೀನಿ ಅಂತ ನಂಗಾದ್ರೂ ಅನ್ಬಾರ್ದಿತ್ತೇನೇ’ ಎಂದರು. ನನಗೆ ಅಳು ಬಂತು. ಬೆನ್ನಿಗೆ ಎಣ್ಣೆ ಹಚ್ಚಿದೆ.

ನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಟೀ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ. ಐದನೇ ದಿನ ಸಂಜೆ ಅಡುಗೆಮನೆಗೆ ಬಂದು, ಬಾಗಿಲಿಗೆ ಒರಗಿ ನಿಂತು, ‘ಎಷ್ಟು ದೂರದಾಗೆ ಇದ್ವು?’ ಎಂದಳು.

‘ಏನು?’

‘ಹಕ್ಕಿ.’

ಹೇಳಿದೆ. ಕೊಯ್ದ ಜೋಳದ ಕೂಳೆಗಳ ನಡುವೆ, ನಮ್ಮ ಮನೆಯಿಂದ ಮಸೀದಿಯ ತಿರುವಿಗಿರುವಷ್ಟು ದೂರ. ಗೌಡರ ಹಾಗೆ ಕತ್ತೆತ್ತಿ ನಡೆಯುತ್ತಿದ್ದವು. ಅಪ್ಪ ಕುರಿಗಳನ್ನು ತಡೆದು ನಿಲ್ಲಿಸಿದ, ಅವು ದಾಟಲಿ ಎಂದು. ಅವಳು ನಿಂತಲ್ಲೇ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಮಡಚಿದ ಹಾಳೆಯನ್ನು ಬ್ಯಾಗಿನಿಂದ ತೆಗೆದು, ಕೊನೆಯ ಸಾಲಿನಲ್ಲಿ ಇನ್ನೊಂದು ಹೆಸರು ಸೇರಿಸಿ ನನ್ನ ಕೈಗೆ ಕೊಟ್ಟಳು. ನನ್ನ ಹೆಸರಿನ ಮುಂದೆ ‘ನೆಲ ನೋಡುವುದು’ ಎಂದು ಬರೆದಿದ್ದಳು.

‘ಕ್ಷಮಿಸಿದ್ದೀನಿ ಅನ್ಕೋಬೇಡ್ರಿ,’ ಎಂದಳು. ‘ಪ್ರತಿ ಜಾಗದಾಗೂ ಮೊದ್ಲು ನೀವೇ ಹೊರಳಾಡಿ ತೋರಿಸ್ಬೇಕು. ಆಮೇಲೆ ನಾನು ಚೀಲ ಬಿಚ್ಚೋದು.’

ನೀರಿನ ಕ್ಯಾನುಗಳಿಗೆ ಮೈದುನ ಜೀಪಿನ ತಲೆಯ ಮೇಲೆ ಕಬ್ಬಿಣದ ಕಟ್ಟು ಬೆಸೆದ. ಇಷ್ಟು ಸುಲಭವಿತ್ತು ಅದು. ದೀಪಕ್ಕೆ ಅವ್ವ ಬಂದಿರುತ್ತೇನೆಂದಳು. ‘ನಾವು ಊರೂರು ತಿರುಗುವಾಗ ಸ್ವಾಮಿ ನಮ್ ಹಿಂದೆ ಕತ್ತೆ ಮ್ಯಾಲೆ ಬಂದೋನು, ನಾಲ್ಕು ದಿನ ನನ್ ಕೈಲಿ ಹಚ್ಚಿಸ್ಕೊಳ್ಳಲ್ವಾ?’ ಎಂದು ಫೋನಿನಲ್ಲೇ ಗದರಿದಳು.

ಡಿಸೆಂಬರಿನಲ್ಲಿ ಮತ್ತೊಮ್ಮೆ ಅದೇ ಗುಡ್ಡಕ್ಕೆ ಹೋದೆವು. ಈ ಸಲ ನಾನೂ ಟೆಂಟಿನಲ್ಲೇ. ನೆಲ ನಾನು ಆರಿಸಿದೆ: ಸ್ವಲ್ಪ ಇಳಿಜಾರು, ನೀರು ನಿಲ್ಲುವುದಿಲ್ಲ, ಗರಸು ಕಲ್ಲು, ಹುಳ ಇರುವುದಿಲ್ಲ, ಕುರಿಯ ಕಾಲ್ದಾರಿಯಿಂದ ದೂರ. ಎಲ್ಲರೂ ಗೊಣಗಿದರು. ಎಲ್ಲರ ಮುಂದೆ ನಾನು ಸೀರೆ ಸಮೇತ ಆ ಕಲ್ಲಿನ ಮೇಲೆ ಒಂದು ಸುತ್ತು ಹೊರಳಿದೆ. ‘ಇನ್ನೊಂದು ಸುತ್ತು,’ ಎಂದಳು ಅವಳು ಸೊಂಟದ ಮೇಲೆ ಕೈಯಿಟ್ಟು. ಹೊರಳಿದೆ. ಮೈದುನ ಬಿದ್ದುಬಿದ್ದು ನಕ್ಕ.

ಬೆಳಿಗ್ಗೆ ಯಾರ ಮೈಮೇಲೂ ಒಂದು ಕಡಿತವಿರಲಿಲ್ಲ. ಆದರೆ ನನ್ನನ್ನು ಹೊಗಳಲು ಯಾರಿಗೂ ಬೆನ್ನು ನೆಟ್ಟಗಿರಲಿಲ್ಲ. ‘ಸೊಂಟ ಹೋತು ಅಕ್ಕ. ಉಣ್ಣಿನೇ ವಾಸಿ ಇತ್ತು,’ ಎಂದು ಅವಳು ಕುಂಟುತ್ತ ಎದ್ದಳು. ಎದ್ದವಳೇ ಗೂಟ ಕಿತ್ತು, ಕಡ್ಡಿ ಬಿಡಿಸಿ, ಅಷ್ಟು ದೊಡ್ಡ ಟೆಂಟನ್ನು ನೋಡನೋಡುತ್ತ ಮಡಚಿ, ಸುತ್ತಿ, ಮೊಳದುದ್ದದ ಚೀಲಕ್ಕೆ ತುರುಕಿಬಿಟ್ಟಳು. ಯಜಮಾನರು ಟೀ ಲೋಟ ಹಿಡಿದು ಬೆರಗಾಗಿ ನೋಡಿದರು. ‘ಏನು ಕೈಚಳಕನಮ್ಮಾ ಇದು!’

ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಚುರುಕ್. ದೇವರಿಗೆ ಇಷ್ಟು ಬೇಡಿಕೊಂಡರೂ, ಉಪವಾಸ ಮಾಡಿದರೂ, ಅದು ಹೋಗಿರಲಿಲ್ಲ. ಕಲ್ಲು ಒತ್ತಿದ ಸೊಂಟ ನೀವಿಕೊಂಡೆ. ಆಮೇಲೆ ಗಟ್ಟಿಯಾಗಿಯೇ ಹೇಳಿದೆ.

‘ಟೀಚರಮ್ಮ, ನಂಗೆ ಈಗ ಹೊಟ್ಟೆ ಉರೀತೈತೆ. ಮುಂಚೇನೇ ಹೇಳ್ತಿದ್ದೀನಿ.’

ಯಜಮಾನರು ಲೋಟ ಕೆಳಗಿಟ್ಟು ತಮ್ಮ ಬೆನ್ನು ಮುಟ್ಟಿ ನೋಡಿಕೊಂಡರು. ಅವಳು ನನ್ನ ಮುಖ ನೋಡಿದಳು, ಚೀಲ ನೋಡಿದಳು. ಆಮೇಲೆ ಚೀಲದ ಬಾಯಿ ಬಿಚ್ಚಿ, ಮಡಚಿದ ಟೆಂಟನ್ನೆಲ್ಲ ಕಲ್ಲಿನ ಮೇಲೆ ಕೊಡವಿ ಹಾಕಿದಳು.

‘ಹಂಗಾದ್ರೆ ನೀವೇ ಮಡಚ್ರಿ.’

ಕೂತೆ. ಮೊದಲ ಸಲ ಅರ್ಧ ಹೊರಗೇ ಉಳಿಯಿತು. ಎರಡನೇ ಸಲ ಕಡ್ಡಿ ಒಳಗೆ ಇಡುವುದನ್ನೇ ಮರೆತೆ. ಬಿಸಿಲು ಏರುತ್ತಿತ್ತು, ಮೈದುನ ಜೀಪಿನ ಹಾರನ್ ಒತ್ತಿದ. ಅವಳು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, ಕೈ ಮುಂದೆ ಮಾಡದೆ, ‘ಗಾಳಿ ಬಿಡ್ರಿ ಮೊದ್ಲು. ಮಂಡಿ ಊರ್ರಿ. ಹ್ಞಾಂ, ಇನ್ನೂ ಬಿಗಿ’ ಎನ್ನುತ್ತಿದ್ದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರನೇ ಸಲ ಮಂಡಿಯೂರಿ, ಅದರ ಮೇಲೆ ಮೈಭಾರವೆಲ್ಲ ಹಾಕಿದೆ.